ಯಾರ ಗೋರಿ ಅಂತ ಕೇಳುವವರಿಗೆ...

ಮೊದಲೇ ಹೇಳಿಬಿಡ್ತೀನಿ, ಇದು ಪ್ರವಾಸ ಕಥನ ಅಲ್ಲ. ಇದರಲ್ಲಿ ಬೈಕಿದೆ, ಬೆಳಗಿನ ಜಾವದ ಚಳಿ ಇದೆ, ಮದ್ದೂರು ವಡೆಯೂ ಇದೆ. ಆದರೆ ಕೀಬೋರ್ಡ್ ಕುಟ್ಟೋಕೆ ಕೂತಿದ್ದು ಜಗಳಕ್ಕೆ. ಜಗಳ ಮೂರು ಥರದ ಜನರ ಜೊತೆ. ಮೂರರಲ್ಲಿ ಒಂದು ಗುಂಪಿಗಾದರೂ ನೀವು ಸೇರಿರ್ತೀರಿ. ಪೂರ್ತಿ ಓದಿ, ಆಮೇಲೆ ಬೈದು ಹೋಗಿ, ಬೇಜಾರಿಲ್ಲ :)

ವಿಷಯ ಇಷ್ಟು. ಶ್ರೀರಂಗಪಟ್ಟಣದಲ್ಲಿ, ಹಳೇ ಬೆಂಗಳೂರು-ಮೈಸೂರು ರಸ್ತೆಯಿಂದ ಕೂಗಳತೆ ದೂರದಲ್ಲಿ, ಕಾವೇರಿಯ ದಂಡೆ ಹತ್ತಿರ ಒಂದು ಸ್ಮಶಾನವಿದೆ. ಗ್ಯಾರಿಸನ್ ಸಿಮೆಟ್ರಿ ಅಂತ ಹೆಸರು. 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಕಂಪನಿಯ ಕೈಗೆ ಹೋಯಿತಲ್ಲ, ಆಮೇಲೆ ಅಲ್ಲೇ ಬೀಡುಬಿಟ್ಟ ದಂಡಿನವರು ತಮ್ಮವರನ್ನು ಹೂಳುತ್ತಾ ಬಂದ ಜಾಗ ಅದು. ಮುನ್ನೂರರಷ್ಟು ಗೋರಿಗಳಿವೆ. ಈ ಜಾಗದ ಬಗ್ಗೆ ಮಾತಾಡುವ ಜನ ನನಗೆ ಕಂಡಂತೆ ಮೂರು ಬಗೆ.

ಒಂದನೆಯವರು: "ನಮ್ಮನ್ನ ಕೊಂದ ಬ್ರಿಟಿಷರ ಗೋರಿ ಅದು, ಅದನ್ನ ನಾವ್ಯಾಕೆ ಕಾಯಬೇಕು? ಹುಲ್ಲು ಬೆಳೀಲಿ ಬಿಡಿ."

ಎರಡನೆಯವರು: "ವಾವ್, ಎಂಥಾ ಕಲೋನಿಯಲ್ ಚಾರ್ಮ್!" ಫೋಟೋಗೆ ಮಸುಕು ಹಳದಿ ಬಣ್ಣ ಬಳಿದು, ಗೋರಿಗೆ ಒರಗಿಕೊಂಡು ಪೋಸು.

ಮೂರನೆಯವರು: "ದೆವ್ವ ಇದೆಯಂತೆ ಗುರೂ!"

ಈ ಮೂವರೂ ಬೇರೆಬೇರೆ ಅಂತ ಕಾಣ್ತಾರೆ. ಆದರೆ ಮೂವರಲ್ಲಿ ಒಬ್ಬರೂ ಮಾಡದ ಕೆಲಸ ಒಂದಿದೆ. ಕಲ್ಲಿನ ಮೇಲೆ ಏನು ಬರೆದಿದೆ ಅಂತ ಬಗ್ಗಿ ಓದಲ್ಲ. ನನ್ನ ತಕರಾರು ಅಷ್ಟೇ.

*

ಕಳೆದ ತಿಂಗಳು ನಾವು ನಾಲ್ಕು ಜನ ನಾಲ್ಕೂವರೆಗೆ ಕೆಂಗೇರಿ ಬಿಟ್ಟೆವು. ನನ್ನದು ಹಳೇ ಯೆಜ್ಡಿ, ಮೈಸೂರಿನಲ್ಲೇ ಹುಟ್ಟಿದ ಗಾಡಿ. ಅದನ್ನು ಹೆತ್ತ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಮಗ ಮಾತ್ರ ಇನ್ನೂ ಹೊಗೆ ಬಿಡ್ತಾ ಓಡಾಡ್ತಿದ್ದಾನೆ. ಹೊಸ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ದ್ವಿಚಕ್ರಕ್ಕೆ ನಿಷೇಧ. ಬೈಕಿನವರೆಲ್ಲ ಆಗ ಬಾಯಿ ಬಡ್ಕೊಂಡರು. ನನಗಂತೂ ಇದು ವರವೇ ಆಯ್ತು. ಕಾರಿನವರು ಊರುಗಳನ್ನೆಲ್ಲ ಹಾರಿಕೊಂಡು ಹೋಗ್ತಾರೆ. ನಾವು ಪಕ್ಕದ ರಸ್ತೆ ಹಿಡಿದು, ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹಬೆ ನೋಡಿಕೊಂಡು, ರಾಮನಗರದ ಬಂಡೆಗಳ ಹಿಂದೆ ಆಕಾಶ ಬೆಳ್ಳಗಾಗೋದು ನೋಡಿಕೊಂಡು, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಚ್ಚಿದ ಶಟರ್ ಎಣಿಸಿಕೊಂಡು ಹೋಗ್ತೀವಿ. ಮದ್ದೂರಿನಲ್ಲಿ ವಡೆ, ಕಾಫಿ. ಆಮೇಲೆ ಮಂಡ್ಯ ದಾಟಿ ಶ್ರೀರಂಗಪಟ್ಟಣ.

ನಾವು ಹೋದಾಗ ಗೇಟು ಇನ್ನೂ ತೆಗೆದಿರಲಿಲ್ಲ. ಕಾವಲಿನಾತ ಬಂದು ಬೀಗ ತೆಗೆಯುವ ತನಕ ಗೋಡೆ ಪಕ್ಕ ಕೂತೆವು. ಒಳಗೆ ಹೋದರೆ ಒಂದಿಷ್ಟು ಮೊನಚು ಕಂಬಗಳು, ಒಂದಿಷ್ಟು ಗುಮ್ಮಟದಂಥ ಕಟ್ಟೆಗಳು, ನೆಲಮಟ್ಟಕ್ಕೆ ಹಾಸಿದ ಚಪ್ಪಡಿಗಳು. ಎರಡು ಸುತ್ತು ಹಾಕಿದ ಮೇಲೆ ನಮ್ಮ ಗುಂಪಿನ ಒಬ್ಬ ಹೇಳಿದ:

"ಅಲ್ಲ ಗುರೂ, ನಮ್ಮೋರನ್ನ ಸಾಯಿಸಿ ಊರು ಲೂಟಿ ಮಾಡಿದೋರು ಇವ್ರು. ಇವ್ರಿಗೆ ಕಾಂಪೌಂಡು, ಇವ್ರಿಗೆ ಕಾವಲುಗಾರ. ನಮ್ಮೋರಿಗೇನಿದೆ?"

ನಾನು, "ಕೊನೇ ಮಾತು ಸರಿಯಾಗಿದೆ ಕಣೋ, ಮೊದಲನೆಯದು ಸರಿಯಿಲ್ಲ" ಅಂದೆ. ಅಲ್ಲಿ ಶುರುವಾದ ಮಾತು ವಾಪಸ್ ಕೆಂಗೇರಿ ತಲುಪಿದರೂ ಮುಗಿಯಲಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಬರೀತಿದ್ದೀನಿ.

*

ಮೊದಲಿಗೆ, "ಬ್ರಿಟಿಷರ ಗೋರಿ" ಅನ್ನೋದನ್ನೇ ನೋಡೋಣ. ಅಲ್ಲಿನ ಗೋರಿಗಳಲ್ಲಿ ದೊಡ್ಡ ಪಾಲು ಡಿ ಮ್ಯೂರೋನ್ ರೆಜಿಮೆಂಟಿನ ಅಧಿಕಾರಿಗಳದ್ದು, ಅವರ ಕುಟುಂಬದವರದ್ದು. ಇವರು ಬ್ರಿಟಿಷರಲ್ಲ. ಈಗಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಅನ್ನೋ ಊರಿನವನಾದ ಷಾರ್ಲ್ ದಾನಿಯೆಲ್ ಡಿ ಮ್ಯೂರೋನ್ 1781ರಲ್ಲಿ ಕಟ್ಟಿದ ಕೂಲಿ ಸೈನ್ಯ ಅದು. ಕಟ್ಟಿದ್ದು ಯಾರಿಗಾಗಿ? ಡಚ್ ಈಸ್ಟ್ ಇಂಡಿಯಾ ಕಂಪನಿಗೆ! ಮೊದಲು ಆಫ್ರಿಕಾದ ತುದಿಯ ಕೇಪ್‌ನಲ್ಲಿ, ಆಮೇಲೆ ಸಿಂಹಳದಲ್ಲಿ ಡಚ್ಚರ ಸಂಬಳಕ್ಕೆ ಕೋಟೆ ಕಾಯ್ದರು. 1795ರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಅನ್ನೋ ಬ್ರಿಟಿಷ್ ಏಜೆಂಟ್ ನ್ಯೂಶಾಟೆಲ್‌ಗೇ ಹೋಗಿ ಯಜಮಾನನ ಜೊತೆ ಕರಾರು ಮಾಡಿಕೊಂಡ, ಇಡೀ ರೆಜಿಮೆಂಟು ಬ್ರಿಟಿಷರ ಸಂಬಳಕ್ಕೆ ಬಂತು. ಆ ಸುದ್ದಿಯ ಪತ್ರವನ್ನು ಚೀಸ್ ಉಂಡೆಯೊಳಗೆ ಬಚ್ಚಿಟ್ಟು ಕೊಲಂಬೋ ಕೋಟೆಯೊಳಗೆ ತಲುಪಿಸಿದರು ಅಂತ ಒಂದು ಕಥೆಯನ್ನೂ ಹೇಳ್ತಾರೆ. ನಾಲ್ಕು ವರ್ಷದ ಮೇಲೆ ಅವರೇ ಶ್ರೀರಂಗಪಟ್ಟಣದ ಗೋಡೆ ಮುಂದೆ ನಿಂತಿದ್ದರು. 1806ರಲ್ಲಿ ಇಂಡಿಯಾ ಬಿಟ್ಟು ಹೋದರು, 1813ರಲ್ಲಿ ಕೆನಡಾಕ್ಕೆ ಹೋದರು, 1816ರಲ್ಲಿ ರೆಜಿಮೆಂಟನ್ನೇ ವಿಸರ್ಜಿಸಿದರು.

ಅಂದರೆ ಸ್ವಾಮಿ, ಅಲ್ಲಿ ಮಲಗಿರೋರಲ್ಲಿ ತುಂಬ ಜನ ನಮ್ಮ ಮೇಲೆ ಯಾವ ದ್ವೇಷವೂ ಇಲ್ಲದ, ನಮ್ಮ ಊರಿನ ಹೆಸರೂ ಕೇಳಿರದ, ತಿಂಗಳ ಸಂಬಳಕ್ಕೆ ಬಂದ ಜನ. ಹಾಗಂತ ಅವರು ಒಳ್ಳೆಯವರು ಅಂತ ಸರ್ಟಿಫಿಕೇಟ್ ಕೊಡ್ತಿಲ್ಲ. ಸಂಬಳಕ್ಕೆ ಕೊಲ್ಲೋದು ದ್ವೇಷಕ್ಕೆ ಕೊಲ್ಲೋದಕ್ಕಿಂತ ಏನು ಮೇಲು? ನಾನು ಹೇಳೋದು, ಬೈಯುವಾಗಲಾದರೂ ಯಾರನ್ನು ಬೈತಿದ್ದೀವಿ ಅಂತ ಗೊತ್ತಿರಲಿ. ಆ ಕಾಲದಲ್ಲಿ ಬಿಳೀ ಚರ್ಮ ಎರಡೂ ಕಡೆ ಇತ್ತು. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ಫ್ರೆಂಚರು ಇದ್ದರು. ಈಗಿನ ಪಾಂಡವಪುರಕ್ಕೆ ಆಗ ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದದ್ದೇ ಆ ದಂಡು ಅಲ್ಲಿ ಇಳಿದುಕೊಳ್ಳುತ್ತಿದ್ದುದರಿಂದ. ಕಪ್ಪು ಚರ್ಮವೂ ಎರಡೂ ಕಡೆ ಇತ್ತು. ಕಂಪನಿಯ ದಂಡಿನಲ್ಲಿ ಹೆಚ್ಚಿನವರು ಈ ನೆಲದ ಸಿಪಾಯಿಗಳೇ. ಜೊತೆಗೆ ನಿಜಾಮನ ಸೈನ್ಯ ಬೇರೆ. "ನಾವು" ಯಾರು, "ಅವರು" ಯಾರು ಅಂತ ಗೆರೆ ಎಳೆಯೋದು ನಮ್ಮ ಟೀವಿ ಚರ್ಚೆಯಷ್ಟು ಸಲೀಸಾಗಿರಲಿಲ್ಲ.

ಎರಡನೇದು, "ನಮ್ಮನ್ನು ಕೊಂದವರು" ಅನ್ನೋ ಮಾತು. ಆ ಮುನ್ನೂರು ಗೋರಿಯಲ್ಲಿ ಎಲ್ಲವೂ ಯುದ್ಧದಲ್ಲಿ ಬಿದ್ದವರದ್ದಲ್ಲ. ಹೆಂಡತಿಯರಿದ್ದಾರೆ, ಮಕ್ಕಳಿದ್ದಾರೆ. ಕೋಟೆ ಗೆದ್ದ ಮೇಲೆ ಗೆದ್ದವರನ್ನು ಕೊಂದದ್ದು ಶ್ರೀರಂಗಪಟ್ಟಣದ ಜ್ವರ. ಸುತ್ತ ನೀರು, ಕಾಲುವೆ, ಗದ್ದೆ, ಸೊಳ್ಳೆ. ದಂಡಿಗೆ ದಂಡೇ ಮಲಗುತ್ತಿತ್ತು. ಕೊನೆಗೆ ಈ ಊರಿನ ಸಹವಾಸ ಸಾಕು ಅಂತ ದಂಡನ್ನು ಬೆಂಗಳೂರಿಗೆ ಸಾಗಿಸಿದರು. 1809ರಲ್ಲಿ ಹಲಸೂರಿನ ಪಕ್ಕ ಕಂಟೋನ್ಮೆಂಟ್ ಎದ್ದಿತು.

ಇದನ್ನ ಇನ್ನೊಂದು ಸಲ ಓದಿ. ಬೆಂಗಳೂರು ದಂಡು, ಅಂದರೆ ಇವತ್ತಿನ ಎಂ.ಜಿ. ರೋಡು, ಶಿವಾಜಿನಗರ, ಫ್ರೇಜರ್ ಟೌನು, ಎರಡು ತಲೆಯ ಈ ವಿಚಿತ್ರ ಊರು ಹುಟ್ಟೋದಕ್ಕೆ ಒಂದು ದೊಡ್ಡ ಕಾರಣ ಶ್ರೀರಂಗಪಟ್ಟಣದ ಜ್ವರ. ಆ ಜ್ವರಕ್ಕೆ ಸಿಕ್ಕಿರೋ ಸಾಕ್ಷಿ ಆ ಗೋರಿಗಳು. ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುವ ಪ್ರತಿಯೊಬ್ಬರಿಗೂ ಆ ಸ್ಮಶಾನಕ್ಕೂ ಸಂಬಂಧ ಇದೆ ಅಂದರೆ ಅತಿಶಯ ಅಲ್ಲ. ಇಂಥದನ್ನ "ಅವರದು" ಅಂತ ತಳ್ಳಿಹಾಕಿದರೆ ನಷ್ಟ ಅವರಿಗಲ್ಲ, ನಮ್ಮ ಚರಿತ್ರೆಗೆ.

ಮೂರನೇದು ದುಡ್ಡಿನ ಮಾತು. ಹಾಳು ಬಿದ್ದಿದ್ದ ಈ ಜಾಗವನ್ನು 2000ರ ದಶಕದ ಕೊನೆಯ ಹೊತ್ತಿಗೆ ಮತ್ತೆ ಎತ್ತಿ ನಿಲ್ಲಿಸೋಕೆ ಮುಂದೆ ಬಂದವರು ಸ್ವಿಟ್ಜರ್ಲೆಂಡಿನಲ್ಲಿರುವ ಡಿ ಮ್ಯೂರೋನ್ ವಂಶದವರು. ಇನ್ನೂರು ವರ್ಷ ಕಳೆದ ಮೇಲೆ, ಸಮುದ್ರ ದಾಟಿ ಬಂದು, ತಮ್ಮ ಮುತ್ತಜ್ಜಂದಿರ ದಂಡಿನವರ ಗೋರಿ ಸರಿ ಮಾಡಿಸಿದರು. "ನಮ್ಮ ದುಡ್ಡು ಯಾಕೆ" ಅನ್ನುವವರಿಗೆ ಇದಕ್ಕಿಂತ ಮುಖಕ್ಕೆ ಹೊಡೆದಂಥ ಉತ್ತರ ಬೇಕಾ?

*

ಈಗ ನನ್ನ ಗೆಳೆಯನ ಕೊನೇ ಪ್ರಶ್ನೆಗೆ ಬರೋಣ. "ನಮ್ಮೋರಿಗೇನಿದೆ?"

ಇದು ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳೋಕೆ ಹೊಟ್ಟೆ ಉರಿಯುತ್ತೆ. ಮೇ 4ರ ಆ ಒಂದು ಮಧ್ಯಾಹ್ನ ಕೋಟೆಯೊಳಗೆ ಸತ್ತ ಮೈಸೂರಿನ ಸೈನಿಕರು ಆರು ಸಾವಿರ, ಎಂಟು ಸಾವಿರ, ಹತ್ತು ಸಾವಿರ ಅಂತ ಒಬ್ಬೊಬ್ಬರು ಒಂದೊಂದು ಅಂದಾಜು ಕೊಡ್ತಾರೆ. ಸಾವಿರದ ಲೆಕ್ಕದಲ್ಲಿ ಅಂದಾಜು! ಆ ಕಡೆ ಸತ್ತವರ ಹೆಸರು, ಹುದ್ದೆ, ತಾರೀಕು ಎಲ್ಲ ಕಲ್ಲಿನಲ್ಲಿದೆ. ಈ ಕಡೆ ಸತ್ತವರ ಗುಡ್ಡೆಯನ್ನು ಸಾವಿರಕ್ಕೆ ಹತ್ತಿರ ತಂದು ಎಣಿಸಿದ್ದಾರೆ.

ಕೋಟೆಗೋಡೆ ಒಡೆದ ಜಾಗಕ್ಕೆ ಹೋಗಿ. ಅಲ್ಲಿ ಎತ್ತರದ ಸ್ಮಾರಕ ಕಂಬ ಇದೆ. 1907ರಲ್ಲಿ ನಿಲ್ಲಿಸಿದ್ದು. ನಿಲ್ಲಿಸಿದವರು ಲಂಡನ್ನಿನವರಲ್ಲ, ನಮ್ಮ ಮೈಸೂರು ಸರ್ಕಾರ. ಯಾರ ನೆನಪಿಗೆ? ಮುತ್ತಿಗೆ ಹಾಕಿ ಕೋಟೆ ಹಿಡಿದ ಸೈನ್ಯದ ನೆನಪಿಗೆ, ಅದರಲ್ಲಿ ಬಿದ್ದ ಅಧಿಕಾರಿಗಳ ನೆನಪಿಗೆ. ಗೋಡೆಯ ಒಳಗೆ ನಿಂತು ಸತ್ತವರ ನೆನಪಿಗಲ್ಲ. ಬೆಂಗಳೂರಿಗೆ ಬನ್ನಿ. ಕೆ.ಆರ್. ಮಾರ್ಕೆಟ್ ಎದುರಿನ ಕೋಟೆಗೋಡೆಯಲ್ಲಿ ಒಂದು ಫಲಕ ಇದೆ, 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ನಡೆದದ್ದು ಈ ಬಿರುಕಿನ ಮೂಲಕ ಅಂತ. ದಾಳಿ ಮಾಡಿದವರ ಮಾತಿದೆ, ತಡೆಯೋಕೆ ನಿಂತವರ ಮಾತಿಲ್ಲ.

"ನೋಡಿದ್ಯಾ, ಅದಕ್ಕೇ ಅವನ್ನೆಲ್ಲ ಕಿತ್ತು ಎಸೀಬೇಕು" ಅಂತೀರಾ? ಅದನ್ನೂ ಮಾಡಿ ನೋಡಿದ್ದೀವಿ. ಬೆಂಗಳೂರಿನ ಕಾರ್ಪೊರೇಷನ್ ಹತ್ತಿರ ಕಂಪನಿಯ ಕಡೆ ಸತ್ತವರ ಒಂದು ಸ್ಮಾರಕ ಸ್ತಂಭ ಇತ್ತು. ಈಗಿನ ನೃಪತುಂಗ ರಸ್ತೆಗೆ ಸೆನೊಟಾಫ್ ರೋಡ್ ಅಂತ ಹೆಸರಿದ್ದದ್ದು ಅದರಿಂದಲೇ. 1964ರಲ್ಲಿ, ಕನ್ನಡ ಚಳವಳಿಯ ಒತ್ತಾಯದ ಮೇಲೆ, ಕೆಡವಿದರು. ರಸ್ತೆಗೆ ನೃಪತುಂಗನ ಹೆಸರು ಬಂತು, ಸಂತೋಷ, ನಾನೂ ಚಪ್ಪಾಳೆ ಹೊಡೀತೀನಿ. ಬೆಂಗಳೂರು ಕೋಟೆಯ ಪಕ್ಕದಲ್ಲಿ 1791ರ ಗೋರಿಗಳಿದ್ದ ಸ್ಮಶಾನವೂ ಇತ್ತು, ರಾಬರ್ಟ್ ಹೋಮ್ ಅನ್ನೋ ಚಿತ್ರಕಾರ 1794ರ ತನ್ನ ಪುಸ್ತಕದಲ್ಲಿ ಅದರ ಚಿತ್ರ ಹಾಕಿದ್ದಾನೆ. ಇವತ್ತು ಹುಡುಕಿದರೆ ಅದರ ಕುರುಹೂ ಇಲ್ಲ. ಸರಿ, ಎರಡೂ ಹೋಯ್ತು. ಈಗ ಲೆಕ್ಕ ಹೇಳಿ. ಅವು ಹೋದದ್ದರಿಂದ ಕೋಟೆ ಕಾಯ್ದು ಸತ್ತ ನಮ್ಮವರಲ್ಲಿ ಒಬ್ಬನ ಹೆಸರಾದರೂ ವಾಪಸ್ ಬಂತಾ? ಅವರ ಪುಟ ಹರಿದೆವು, ನಮ್ಮ ಪುಟ ಬರೆಯಲಿಲ್ಲ. ಖಾಲಿ ಪುಟ ಎರಡಾಯ್ತು, ಅಷ್ಟೇ.

ಟಿಪ್ಪು ಪರ-ವಿರೋಧದ ಗಲಾಟೆಯೂ ಇಂಥದ್ದೇ. 2015ರಲ್ಲಿ ಸರ್ಕಾರಿ ಜಯಂತಿ ಶುರು ಮಾಡಿದಾಗ ಗಲಾಟೆ, 2019ರಲ್ಲಿ ನಿಲ್ಲಿಸಿದಾಗ ಗಲಾಟೆ. ಎರಡೂ ಕಡೆಯ ಭಾಷಣಗಳಲ್ಲಿ ಸುಲ್ತಾನನೊಬ್ಬನೇ. ಅವನ ಜೊತೆ ಅದೇ ಮಧ್ಯಾಹ್ನ ಸತ್ತ ಬೇಡರು, ಒಕ್ಕಲಿಗರು, ಮುಸಲ್ಮಾನರು, ಯಾರ್ಯಾರೋ ಮನೆಯ ದುಡಿಯುವ ಗಂಡಸರು ಎಲ್ಲೂ ಇಲ್ಲ. ನಾನು ಈ ಬರಹದಲ್ಲಿ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ತೀರ್ಪು ಕೊಡಲ್ಲ. ಕಮೆಂಟಿನಲ್ಲಿ ಆ ಚರ್ಚೆ ಎತ್ತಿದರೆ ಉತ್ತರಾನೂ ಕೊಡಲ್ಲ.

*

"ಕಲ್ಲಲ್ಲಿ ಹೆಸರು ಕೆತ್ತೋದು ಅವರ ಪದ್ಧತಿ, ನಮ್ಮದಲ್ಲ. ನಾವು ಸುಟ್ಟು ಬೂದಿ ಬಿಡುವವರು" ಅಂತ ಒಬ್ಬರು ಹೇಳಿದರು. ಇದು ಮಾತ್ರ ನನಗೆ ತಡೆಯೋಕಾಗಲಿಲ್ಲ.

ಅಲ್ಲ ಸ್ವಾಮಿ, ನಮ್ಮದಲ್ಲವಾ? ಮದ್ದೂರಿನಲ್ಲಿ ವಡೆ ತಿಂದು ಬಂದಿರಲ್ಲ, ಅದೇ ತಾಲ್ಲೂಕಿನಲ್ಲಿ ಆತಕೂರು ಇದೆ, ಈಗ ಆತಗೂರು ಅಂತಾರೆ. ಅಲ್ಲಿ ಸಿಕ್ಕ ಕಲ್ಲು ಕ್ರಿ.ಶ. 949-50ರದ್ದು. ಗಂಗರ ಬೂತುಗನ ಕಾಲದ್ದು, ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ ಯುದ್ಧದ ವಿಷಯವೂ ಅದರಲ್ಲಿದೆ. ಆದರೆ ಕಲ್ಲು ನಿಲ್ಲಿಸಿದ್ದು ರಾಜನಿಗಲ್ಲ. ಒಂದು ನಾಯಿಗೆ! ಮಣಲೇರ ಅನ್ನೋ ವೀರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದ ಬೇಟೆನಾಯಿ ಅದು. ಹೆಸರು ಕಾಳಿ. ಕಾಡುಹಂದಿಯ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತೆ ಅಂತ ಷರತ್ತನ್ನೂ ಕೆತ್ತಿಸಿದರು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಮೇಂಟೆನೆನ್ಸ್ ಕಾಂಟ್ರಾಕ್ಟು, ದಂಡದ ಸಮೇತ :) ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಹೋಗಿ ನೋಡಿ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಮಣ್ಣಿನಿಂದ ಎದ್ದು ಬಂದ ಕಲ್ಲು ಸುಮಾರು ಕ್ರಿ.ಶ. 750ರದ್ದು. ಊರಿನ ಮೇಲೆ ಬಿದ್ದವರನ್ನು ತಡೆದು ಸತ್ತ ಕಿತ್ತಯ್ಯನ ಹೆಸರು ಅದರಲ್ಲಿದೆ. ಬೇಗೂರಿನ ವೀರಗಲ್ಲಿಗೆ ಸಾವಿರದ ನೂರು ವರ್ಷ ದಾಟಿದೆ. "ಬೆಂಗಳೂರು" ಅನ್ನೋ ಹೆಸರು ನಮಗೆ ಮೊದಲು ಸಿಗೋದೇ ಅಲ್ಲಿ, ಬೆಂಗಳೂರು ಕಾಳಗದಲ್ಲಿ ಸತ್ತವನ ಕಲ್ಲಿನ ಮೇಲೆ. ಹೆಚ್ಚೇನು ಹೇಳೋದು, ನಮ್ಮ ರಾಜಧಾನಿಯ ಹೆಸರು ಉಳಿದು ಬಂದಿರೋದೇ ಒಂದು ಸಾವಿನ ಕಲ್ಲಿನಲ್ಲಿ!

ದನ ಕಾಯ್ದು ಸತ್ತವನಿಗೆ ಕಲ್ಲು, ಊರಿಗಾಗಿ ಸತ್ತವನಿಗೆ ಕಲ್ಲು, ಗಂಡನ ಜೊತೆ ಹೋದವಳಿಗೆ ಕಲ್ಲು, ಕೊನೆಗೆ ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಒಂದು ಸಾವಿರ ವರ್ಷ ಸತ್ತವರ ಹೆಸರು ಬರೆದ ಜನ 1799ರ ಹೊತ್ತಿಗೆ, ಆಮೇಲೆ 1907ರ ಹೊತ್ತಿಗೆ, ಈಗಿನ ಹೊತ್ತಿಗೆ ಬರೆಯೋದು ಮರೆತರು ಅಂದರೆ ಅದಕ್ಕೆ ಡಿ ಮ್ಯೂರೋನ್ ಏನು ಮಾಡ್ತಾನೆ? ಆ ಸ್ಮಶಾನ ನೋಡಿ ಬರಬೇಕಾದ್ದು ಸಿಟ್ಟಲ್ಲ, ನಾಚಿಕೆ. ಅವರು ಮಾಡಿದ್ದು ನಮ್ಮ ಹಳೇ ಕೆಲಸವನ್ನೇ. ನಾವು ಬಿಟ್ಟೆವು, ಅವರು ಮಾಡಿದರು.

ಎರಡನೇ, ಮೂರನೇ ಗುಂಪಿನವರಿಗೂ ಒಂದು ಮಾತು. ಗೋರಿಗೆ ಒರಗಿ ಫೋಟೋ ತೆಗೆಸಿಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ, ನೀವು ಒರಗಿದ್ದು ಜ್ವರಕ್ಕೆ ಸತ್ತ ಯಾರದೋ ಮಗುವಿನ ತಲೆದೆಸೆಗೆ. ಅದರಲ್ಲಿ "ಚಾರ್ಮ್" ಏನಿದೆ? ಕೋಟೆ ಬಿದ್ದ ರಾತ್ರಿ ಊರು ಲೂಟಿಯಾದದ್ದನ್ನು ಮರೆತು "ಆ ಕಾಲ ಎಷ್ಟು ಚಂದ" ಅನ್ನೋದು, ಗೋರಿ ಒಡೀಬೇಕು ಅನ್ನೋದರಷ್ಟೇ ದೊಡ್ಡ ಮರೆವು. ದೆವ್ವದ ಕಥೆಯವರಿಗೆ ಹೇಳೋದು ಇನ್ನೂ ಕಡಿಮೆ. ಮುನ್ನೂರು ಜನರ ನಿಜವಾದ ಹೆಸರು ಕಣ್ಣೆದುರಿಗಿರುವಾಗ ಹೆಸರಿಲ್ಲದ ಬಿಳೀ ಸೀರೆಯನ್ನು ಹುಡುಕೋದು ಸೋಮಾರಿತನ.

*

ಸರಿ, ಬೈದದ್ದಾಯ್ತು, ಏನು ಮಾಡಬೇಕು ಅಂತ ಹೇಳು ಅಂತೀರಿ. ಹೇಳ್ತೀನಿ.

ಒಂದು, ಆ ಸ್ಮಶಾನದಲ್ಲಿ ಯಾರಿದ್ದಾರೆ, ಎಲ್ಲಿಂದ ಬಂದರು, ಯಾತಕ್ಕೆ ಸತ್ತರು ಅನ್ನೋದು ಅಲ್ಲಿಗೆ ಬರುವ ಮಂಡ್ಯದ ಶಾಲೆ ಹುಡುಗನಿಗೂ ಅರ್ಥವಾಗುವ ಕನ್ನಡದಲ್ಲಿ ವಿವರವಾಗಿ ಸಿಗಬೇಕು. ಹೆಸರುಗಳ ಸಮೇತ, ಜ್ವರದ ಕಥೆ ಸಮೇತ, ಕೂಲಿ ಸೈನ್ಯದ ಕಥೆ ಸಮೇತ.

ಎರಡು, ಗೋಡೆ ಒಡೆದ ಜಾಗದಲ್ಲಿ, 1907ರ ಕಂಬದ ಪಕ್ಕದಲ್ಲೇ, ಒಳಗೆ ನಿಂತು ಸತ್ತವರಿಗೆ ಒಂದು ಕಲ್ಲು. "ಹೆಸರೇ ಗೊತ್ತಿಲ್ಲವಲ್ಲ" ಅಂದರೆ ಅದನ್ನೇ ಬರೆಯಿರಿ. ಇಲ್ಲಿ ಸಾವಿರಾರು ಜನ ಸತ್ತರು, ಅವರ ಹೆಸರು ಉಳಿಸಿಕೊಳ್ಳಲಿಲ್ಲ ಅಂತ ಬರೆಯಿರಿ. ಸುಳ್ಳು ಹೆಸರಿಗಿಂತ, ಬರೀ ಮೌನಕ್ಕಿಂತ ಅದು ಮೇಲು. ಹಳೇ ಕಂಬ ಅಲ್ಲೇ ಇರಲಿ. ಎರಡೂ ಅಕ್ಕಪಕ್ಕ ನಿಂತರೆ ನೋಡಿದವನಿಗೆ ತಾನೇ ಅರ್ಥವಾಗುತ್ತೆ. ಗುಂಬಜ್ ಇರೋ ಕಡೆಯೇ, ಹೈದರನ ಸೆರೆಯಲ್ಲಿದ್ದು 1782ರಲ್ಲಿ ಸತ್ತ ಕರ್ನಲ್ ಬೇಲಿಯ ಸ್ಮಾರಕ 1816ರಿಂದ ನಿಂತಿದೆ. ಸೆರೆ ಹಿಡಿದವನ ಗೋರಿ, ಸೆರೆ ಸಿಕ್ಕವನ ನೆನಪಿನ ಕಲ್ಲು ಒಂದೇ ಕಡೆ ಇರಬಹುದು ಅಂತಾದರೆ ಇದೇನು ಮಹಾ?

ಮೂರನೆಯದು ಸರ್ಕಾರಕ್ಕಲ್ಲ, ಬ್ಲಾಗಿಗರಾದ ನಮಗೆ. ಮುಂದಿನ ಸಲ ಬೈಕ್ ಹತ್ತಿ ಹೊರಟಾಗ, ನಿಮ್ಮೂರಿನ ಹತ್ತಿರದ ಒಂದು ವೀರಗಲ್ಲೋ, ಮಾಸ್ತಿಗಲ್ಲೋ, ಹಳೇ ಗೋರಿಯೋ ನೋಡಿ. ಬರೀ ಫೋಟೋ ಹಾಕಿ ಸುಮ್ಮನಾಗಬೇಡಿ. ಕಲ್ಲಿನ ಅಕ್ಷರಗಳನ್ನು ಓದಿ, ಬರದಿದ್ದರೆ ಓದಬಲ್ಲವರನ್ನು ಕೇಳಿ, ಯೂನಿಕೋಡಿನಲ್ಲಿ ಟೈಪ್ ಮಾಡಿ ನಿಮ್ಮ ಬ್ಲಾಗಿನಲ್ಲಿ ಹಾಕಿ. ಊರಿನ ಹೆಸರು, ತಾಲ್ಲೂಕು, ಕಲ್ಲು ಎಲ್ಲಿದೆ ಅನ್ನೋದನ್ನೂ ಬರೆಯಿರಿ. ಚಿತ್ರದೊಳಗಿನ ಹೆಸರು ಹುಡುಕಿದರೆ ಸಿಗೋದು ಅನುಮಾನ, ಅಕ್ಷರವಾದರೆ ಸಿಗುತ್ತೆ. ಕಲ್ಲು ನಾಳೆ ಯಾರದೋ ಮನೆಯ ಬಟ್ಟೆ ಒಗೆಯುವ ಕಲ್ಲಾಗಬಹುದು, ರಸ್ತೆ ಅಗಲ ಮಾಡುವಾಗ ಜಲ್ಲಿಯಾಗಬಹುದು. ಹೆಸರು ಉಳಿಯಲಿ.

ನಾನು ನಮ್ಮ ತಾಲ್ಲೂಕಿನ ಎರಡು ವೀರಗಲ್ಲಿನಿಂದ ಶುರು ಮಾಡ್ತಿದ್ದೀನಿ, ಮುಂದಿನ ವಾರ ಇಲ್ಲೇ ಹಾಕ್ತೀನಿ. ನೀವು ಯಾವ ಊರಿನ ಕಲ್ಲು ಹಾಕ್ತೀರಿ ಹೇಳಿ. ಬೈಯೋದಿದ್ದರೆ ಅದನ್ನೂ ಕೆಳಗೇ ಬೈಯಿರಿ.